ಎದುರುಮನೆಯ ನೀರು

ಹೋದ ತಿಂಗಳು ನನ್ನ ನೌಕರಿಯ ಒಂದು ಸರ್ವಿಸ್ ಕಾಗದಕ್ಕಾಗಿ ಸೇಡಂಗೆ ಹೋಗಬೇಕಾಗಿ ಬಂತು. ಈಗ ನಾವಿರುವುದು ಚಿಂಚೋಳಿಗೆ ಹೊಂದಿಕೊಂಡ ಚಂದಾಪುರದಲ್ಲಿ. ಸೇಡಂ ಬಿಟ್ಟು ಮೂರು ವರ್ಷವಾಯಿತು. ಕಚೇರಿಯ ಕೆಲಸ ಮುಗಿಸಿ ಬಸ್‌ಸ್ಟ್ಯಾಂಡ್ ಕಡೆ ನಡೆಯುತ್ತಿದ್ದೆ. ಒಂದು ಅಂಗಡಿಯ ಮುಂದೆ ಕುಡಿಯುವ ನೀರಿನ ಮಣ್ಣಿನ ಹರವಿಗೆ ಗೋಣಿತಟ್ಟು ಸುತ್ತಿ ನೀರು ಚಿಮುಕಿಸಿದ್ದರು. ಒದ್ದೆ ಗೋಣಿಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲೇ ನಿಂತುಬಿಟ್ಟೆ. ಬೇರೆಯವರಿಗೆ ಇಂಥ ವಾಸನೆಯಿಂದ ಬಾಲ್ಯ ನೆನಪಾಗುತ್ತದಂತೆ, ಅಜ್ಜಿ ನೆನಪಾಗುತ್ತಾಳಂತೆ. ನನಗೆ ನೆನಪಾದವಳು ಖೈರುನ್ನಿಸಾ. ಬರೀ ನೆನಪಾದದ್ದಲ್ಲ, ಮೂರು ವರ್ಷದ ಹಿಂದಿನ ಹೊಟ್ಟೆಕಿಚ್ಚು ಒಂಚೂರೂ ಆರದೆ ಹಾಗೇ ಇದೆ ಎಂಬುದೂ ಗೊತ್ತಾಯಿತು.

ಹೊಟ್ಟೆಕಿಚ್ಚು ಎಂದು ನಾನೇ ಹೇಳುತ್ತಿದ್ದೇನೆ. ಇನ್ನೊಬ್ಬರು ಹೇಳಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ.

ಆ ವರ್ಷ ನಾವು ಸೇಡಂನಲ್ಲಿ ಬಸ್‌ಸ್ಟ್ಯಾಂಡಿನಿಂದ ದವಾಖಾನೆಗೆ ಹೋಗುವ ಓಣಿಯಲ್ಲಿ ಬಾಡಿಗೆಗಿದ್ದೆವು. ಗಂಡ ಶಿವರಾಜನಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ, ವಾರಕ್ಕೊಂದು ಪಾಳಿ. ನಾನು ಮಳಖೇಡ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರ್. ಒಬ್ಬಳೇ ಮಗಳು ಶ್ರಾವಣಿಗೆ ಆಗ ಎಂಟು ವರ್ಷ. ಓಣಿಗೆ ಶಹಾಬಾದ್ ಪರಸಿ ಹಾಸಿದ್ದರು. ಮಾರ್ಚ್ ಮುಗಿಯುವುದರೊಳಗೆ ಆ ಕಲ್ಲು ಎಷ್ಟು ಕಾಯುತ್ತಿತ್ತೆಂದರೆ, ಹಳ್ಳಿಗಳಿಂದ ದವಾಖಾನೆಗೆ ಬಂದವರು ಗೋಡೆಯ ಪಕ್ಕದ ಗೇಣುದ್ದ ನೆರಳು ಹಿಡಿದು ಒಬ್ಬರ ಹಿಂದೊಬ್ಬರು ಸಾಲಾಗಿ ನಡೆಯುತ್ತಿದ್ದರು. ಬೋರಿನ ನೀರೆಲ್ಲ ಸುಣ್ಣದ ನೀರು. ಕುದಿಸಿದರೆ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕೂರುತ್ತಿತ್ತು. ಕುಡಿಯಲು ಆಗುವಂಥದ್ದೆಂದರೆ ನಾಲ್ಕು ದಿನಕ್ಕೊಮ್ಮೆ ನಳಕ್ಕೆ ಬರುವ ಕಾಗಿಣಾ ಹೊಳೆಯ ನೀರು ಮಾತ್ರ.

ಖೈರುನ್ನಿಸಾ ನಮ್ಮ ಎದುರುಮನೆಯವಳು. ಸೀರೆಗೆ ಫಾಲ್ ಹಚ್ಚುವುದು, ಬ್ಲೌಸ್ ಹೊಲಿಯುವುದು ಅವಳ ಕಸುಬು. ಅವಳ ಬಾಗಿಲಿಗೇ ಒಂದು ಬೇವಿನ ಮರ. ಅದರ ಬುಡದಲ್ಲಿ ಮೂರು ಹರವಿ, ಹರವಿಗಳಿಗೆ ಒದ್ದೆ ಗೋಣಿ, ಪಕ್ಕದ ಹಲಗೆಯ ಮೇಲೆ ಬೋರಲು ಹಾಕಿದ ಎಂಟು ಸ್ಟೀಲ್ ಗ್ಲಾಸು. ಬೇಸಿಗೆ ಬಂತೆಂದರೆ ಆ ಮನೆಯವರಿಗೆಲ್ಲ ಇದೊಂದು ವ್ರತ. ನಳ ಬಂದ ದಿನ ಮೊದಲು ಹರವಿ ತುಂಬಬೇಕು, ಮನೆಯ ಕೊಡ ಆಮೇಲೆ. ಅವಳ ಇಬ್ಬರು ಮಕ್ಕಳು, ಹತ್ತು ವರ್ಷದ ಆಯೇಶಾ ಮತ್ತು ಅವಳ ತಮ್ಮ, ಶಾಲೆಯಿಂದ ಬಂದವರು ಚೀಲ ಇಳಿಸಿ ಕನಿಷ್ಠ ಐದು ಮಂದಿಗೆ ನೀರು ಕೊಟ್ಟ ಮೇಲೆಯೇ ಊಟಕ್ಕೆ ಕೂರಬೇಕು. ಕುಡಿದ ಗ್ಲಾಸನ್ನು ಬೋರಿನ ನೀರಲ್ಲಿ ತೊಳೆದು ಇಡಬೇಕು. ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಆದರೆ ಅವರದೊಂದು ವಿಚಿತ್ರ ಪದ್ಧತಿ ಇತ್ತು. ನೀರು ಕುಡಿದವರು ಗ್ಲಾಸು ಹಿಂದೆ ಕೊಟ್ಟಾಗ ನೀರು ಕೊಟ್ಟ ಮಗುವೇ ಅವರಿಗೆ 'ಶುಕ್ರಿಯಾ' ಅನ್ನಬೇಕು.

ನಾನು ಒಮ್ಮೆ ಕೇಳಿಯೇ ಬಿಟ್ಟೆ, "ಇದೇನ್ ಖೈರುನ್ನಿಸಾ, ಉಲ್ಟಾ ಲೆಕ್ಕ? ಕುಡದವರು ಅನ್ಬೇಕು, ಕೊಟ್ಟವರು ಯಾಕ ಅಂತಾರ?"

ಅವಳು ಸೂಜಿಗೆ ದಾರ ಪೋಣಿಸುತ್ತಾ ತಲೆ ಎತ್ತದೆ ಹೇಳಿದಳು, "ನಮ್ಮ ಅತ್ತಿ ಹಾಕಿದ್ದು ಈ ಪದ್ಧತಿ ಟೀಚರ್. ಇವ್ರು ಬರ್ಲಿಲ್ಲಂದ್ರ ಹರವ್ಯಾಗಿನ ನೀರ್ ಏನ್ ಆಗ್ತಾವ ಹೇಳ್ರಿ? ಹುಳ ಬೀಳ್ತಾವ. ಅವ್ರು ಕುಡದ್ರಂತ ನಮ್ ನೀರು ಛಲೋ ಉಳೀತು. ಕುಂದ್ರಿ, ಚಹಾ ಮಾಡ್ತೀನಿ."

ಮೌಲ್ಯ ಶಿಕ್ಷಣದ ತರಬೇತಿ ಮೂರು ದಿನ ಚಿತ್ತಾಪುರದಲ್ಲಿ ಕೂತು ಪಡೆದು ಬಂದವಳು ನಾನು. 'ಮಕ್ಕಳಲ್ಲಿ ಕೃತಜ್ಞತಾ ಭಾವ ಬೆಳೆಸುವ ಚಟುವಟಿಕೆಗಳು' ಎಂದು ಚಾರ್ಟ್ ಬರೆದು ತರಗತಿಯ ಗೋಡೆಗೆ ಅಂಟಿಸಿದವಳು. ಏಳನೇ ತರಗತಿಗೆ ಶಾಲೆ ಬಿಟ್ಟ ಒಬ್ಬ ದರ್ಜಿ ಹೆಂಗಸು ಸೂಜಿಯಿಂದ ಕಣ್ಣು ಕೀಳದೆ ಹೇಳಿದ ಮಾತು ಆ ಚಾರ್ಟಿನಲ್ಲಿ ಎಲ್ಲೂ ಇರಲಿಲ್ಲ. ಆವತ್ತಿನ ಚಹಾ ರುಚಿಯಾಗಿತ್ತು, ಅದೂ ನನಗೆ ಸೇರಲಿಲ್ಲ.

ಅವಳು ಬೇರೆ ಜಾತಿ ಧರ್ಮದವಳೆಂದು ನನಗೆ ಹೀಗಾಯಿತೆಂದು ಯಾರೂ ತಿಳಿಯಬೇಡಿ. ನಮ್ಮವಳೇ ಆಗಿದ್ದರೆ, ಮದುವೆ ಮುಂಜಿಯಲ್ಲಿ ಎದುರಾಗುವವಳಾಗಿದ್ದರೆ, ಇನ್ನೂ ಹೆಚ್ಚು ಉರಿಯುತ್ತಿತ್ತು.

ನಿಜವಾದ ಸಂಕಟ ಶ್ರಾವಣಿಯದು. ಅವಳು ಮನೆಯಲ್ಲಿ ಒಂದು ಮಾತಿಗೂ ಬಗ್ಗುವ ಹುಡುಗಿಯಲ್ಲ. ತಟ್ಟೆಗೆ ಬಿಸಿ ರೊಟ್ಟಿ ಹಾಕಿದರೆ "ಇಷ್ಟ್ ದಪ್ಪ ಯಾಕ?" ಅನ್ನುವಳು. ಹೊಸ ಫ್ರಾಕ್ ತಂದರೆ "ನೀಲಿದು ಇರ್ಲಿಲ್ಲೇನು?" ಅನ್ನುವಳು. ಥ್ಯಾಂಕ್ಸ್ ಅನ್ನು ಎಂದು ನಾನು ಕಲಿಸಿದ್ದು ಅಷ್ಟಿಷ್ಟಲ್ಲ. ಬೆಳಿಗ್ಗೆ ಎದ್ದು ಹಾಲಿಗೆ ಥ್ಯಾಂಕ್ಸ್, ಅನ್ನಕ್ಕೆ ಥ್ಯಾಂಕ್ಸ್, ಪಪ್ಪನಿಗೆ ಥ್ಯಾಂಕ್ಸ್. ಅವಳು ತುಟಿ ಬಿಚ್ಚುತ್ತಿರಲಿಲ್ಲ. ಅಂಥವಳು ಆ ಬೇಸಿಗೆ ಶುರುವಾಗುತ್ತಲೇ ಎದುರುಮನೆಯ ಬೇವಿನ ಕೆಳಗೆ ಹೋಗಿ ನಿಂತಳು. ಗ್ಲಾಸು ತೊಳೆದಳು. ಗೋಣಿಗೆ ನೀರು ಚಿಮುಕಿಸಿದಳು. ಯಾರೋ ಗುರುತಿಲ್ಲದ ಮುದುಕನಿಗೆ ನೀರು ಕೊಟ್ಟು, ಅವನು ಗಡ್ಡ ಒರೆಸಿಕೊಳ್ಳುತ್ತಿದ್ದಾಗ ಕತ್ತು ಸ್ವಲ್ಪ ಬಾಗಿಸಿ "ಶುಕ್ರಿಯಾ ಮುತ್ಯಾ" ಅಂದಳು. ನಾನು ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡೆ. ಹೊತ್ತು ಹೆತ್ತು ಎಂಟು ವರ್ಷ ಸಾಕಿದ ನನಗೆ ಒಮ್ಮೆಯೂ ಸಿಗದ ಮಾತು ದಾರಿಹೋಕನೊಬ್ಬನಿಗೆ ಒಂದು ಗ್ಲಾಸು ನೀರಲ್ಲಿ ಸಿಕ್ಕಿತ್ತು.

"ಮಗಳು ಕೈ ಬಿಟ್ಟು ಹೋಗಾಕತ್ತಾಳ," ಅಂದೆ ಗಂಡನಿಗೆ.

"ರಸ್ತಾ ದಾಟಿ ಹೋಗ್ಯಾಳ ಅಷ್ಟೇ," ಅಂದ ಶಿವರಾಜ. "ನೀರ್ ಕೊಟ್ರ ಏನ್ ಹಾಳಾಗ್ತಾಳ? ನಿನಗ್ಯಾಕ ಇಷ್ಟ್ ತ್ರಾಸು?"

ಗಂಡಸರಿಗೆ ಇವೆಲ್ಲ ಅರ್ಥವಾಗುವುದಿಲ್ಲ. ಮಗಳನ್ನು ಓಣಿಯ ಈ ಬದಿಗೆ ಎಳೆದು ತರಬೇಕೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಯುಗಾದಿ ಮುಗಿದ ಮಾರನೇ ದಿನ ನಮ್ಮ ಬಾಗಿಲಲ್ಲೂ ಟೇಬಲ್ ಬಿತ್ತು. ಮಣ್ಣಿನ ಹರವಿ ಅಲ್ಲ, ಇಪ್ಪತ್ತು ಲೀಟರಿನ ಫಿಲ್ಟರ್ ನೀರಿನ ಕ್ಯಾನು, ಅದೂ ತಣ್ಣಗೆ ಕೊರೆಯುವಂಥದ್ದು. ಒಂದು ಬಕೆಟ್ ನಿಂಬೆ ಶರಬತ್ತು. ಒಂದರೊಳಗೊಂದು ಸೇರಿಸಿದ ಪೇಪರ್ ಕಪ್ಪುಗಳ ಉದ್ದನೆಯ ಕಟ್ಟು. ಮೇಲೆ ಬಣ್ಣದ ಕೊಡೆ. ಬೆಳಿಗ್ಗೆಯ ಶಾಲೆಯಾದ್ದರಿಂದ ನಾನು ಹನ್ನೆರಡೂವರೆಗೆಲ್ಲ ಮನೆಗೆ ಬರುತ್ತಿದ್ದೆ. ಶ್ರಾವಣಿಗೆ ಇಸ್ತ್ರಿ ಮಾಡಿದ ಫ್ರಾಕ್ ಹಾಕಿ ನಿಲ್ಲಿಸಿ ಮೊದಲ ದಿನ ಹನ್ನೊಂದು ಫೋಟೋ ತೆಗೆದೆ. ಸ್ಟೇಟಸ್ಸಿಗೆ ಹಾಕಿದ ಹತ್ತೇ ನಿಮಿಷಕ್ಕೆ ವಾಡಿಯಿಂದ ನನ್ನ ನಾದಿನಿ ಕೈಮುಗಿದ ಚಿತ್ರ ಕಳಿಸಿದಳು. ಮಗಳಿಗೆ ಒಂದು ಹೊಸ ನೋಟ್‌ಬುಕ್ಕನ್ನೂ ಕೊಟ್ಟಿದ್ದೆ. ದಿನಾ ಸಂಜೆ ಅದರಲ್ಲಿ ಆ ದಿನ ಯಾವ ಮೂರು ಸಂಗತಿಗೆ ಕೃತಜ್ಞಳಾಗಿದ್ದೇನೆ ಎಂದು ಬರೆಯಬೇಕು. ಮೊದಲ ದಿನ ಅವಳು ಬರೆದಳು: 'ಫ್ಯಾನ್ ತಿರುಗಿತು. ಕರೆಂಟ್ ಇತ್ತು. ಫೋಟೋ ಮುಗಿಯಿತು.'

ಎರಡು ದಿನ ನಮ್ಮ ಬಾಗಿಲಲ್ಲಿ ಜನವೋ ಜನ. ಬೇವಿನ ಕೆಳಗೆ ಆಯೇಶಾ ಒಬ್ಬಳೇ ಕೂತು ನೊಣ ಓಡಿಸುತ್ತಿದ್ದಳು. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ, ಆ ಎರಡು ರಾತ್ರಿ ಒಳ್ಳೆಯ ನಿದ್ದೆ ಬಂತು. ಮೂರನೆಯ ದಿನ ನೋಡುತ್ತೇನೆ, ಜನ ನಮ್ಮಲ್ಲಿ ಶರಬತ್ತು ಕುಡಿದು, ಓಣಿ ದಾಟಿ, ಅಲ್ಲಿ ಹೋಗಿ ನೀರು ಕುಡಿಯುತ್ತಿದ್ದಾರೆ! ಒಬ್ಬನನ್ನು ನಿಲ್ಲಿಸಿ ಕೇಳಿದರೆ, "ಶರಬತ್ ಭಾಳ ಛಲೋ ಅದರಿ ಬಾಯಿ. ಖರೇ ನೀರಡಿಕಿ ಹರವಿ ನೀರಿಗೇ ಹೋಗ್ತದ. ಇದು ಹಲ್ಲಿಗೆ ಹತ್ತತದ, ಗಂಟಲಕ್ಕ ಇಳ್ಯಾಂಗಿಲ್ಲ," ಅಂದ. ಅವನ ಮೇಲೆ ಬಂದ ಸಿಟ್ಟನ್ನು ಬಕೆಟ್ಟಿನ ಸೌಟಿನ ಮೇಲೆ ತೀರಿಸಿಕೊಂಡೆ.

ಇದು ಸಾಲದೆಂಬಂತೆ ರಮಜಾನ್ ಬೇರೆ ನಡೆದಿತ್ತು. ಖೈರುನ್ನಿಸಾ ರೋಜಾ ಇದ್ದಳು. ಮಧ್ಯಾಹ್ನ ಎರಡು ಗಂಟೆಯ ಬಿಸಿಲು, ತುಟಿ ಒಣಗಿ ಸಿಪ್ಪೆ ಎದ್ದಿದೆ, ಆದರೂ ಆ ಹೆಂಗಸು ಮಕ್ಕಳ ಪಕ್ಕ ನಿಂತು ತಂಬಿಗೆಯಿಂದ ಗ್ಲಾಸಿಗೆ ನೀರು ಸುರಿಯುತ್ತಾಳೆ, ತಾನು ಹನಿ ಮುಟ್ಟುವುದಿಲ್ಲ. ಓಣಿಯವರು ನಿಂತು ನೋಡಿ ಹೊಗಳುತ್ತಿದ್ದರು. ನಾನು ಕೊಡೆಯ ಕೆಳಗೆ ಕೂತು ಶರಬತ್ತು ಹೀರುತ್ತಾ ಅದನ್ನೂ ನೋಡಬೇಕಾಯಿತು. ದೇವರೂ ಅವಳ ಕಡೆಗೇ ಹೋಗಿಬಿಟ್ಟ ಅನಿಸಿತು.

ಆ ದಿನಗಳಲ್ಲಿ ಮಾಣಿಕಮ್ಮ ಎಂಬ ಮುದುಕಿ ದಿನಾ ಬರುತ್ತಿದ್ದಳು. ಸೊಸೆಗೆ ಆಪರೇಷನ್ ಮಾಡಿ ಹೆರಿಗೆಯಾಗಿತ್ತು. ಊರಿಂದ ರೊಟ್ಟಿಯ ಗಂಟು ಹೊತ್ತು ಮೊದಲ ಬಸ್ಸಿಗೆ ಬಂದು, ಮಧ್ಯಾಹ್ನ ವಾಪಸ್ ಹೋಗುವಾಗ ನಮ್ಮ ಓಣಿಯಲ್ಲಿ ದಣಿವಾರಿಸಿಕೊಳ್ಳುತ್ತಿದ್ದಳು. ಶ್ರಾವಣಿಗೆ ಅವಳೆಂದರೆ ಪ್ರಾಣ. ಆಯಿ, ಆಯಿ ಎಂದು ಹಿಂದೆ ಬಿದ್ದು, ಹುಟ್ಟಿದ ಕೂಸು ಎಷ್ಟು ಸಲ ಅತ್ತಿತು ಎಂದೆಲ್ಲ ವಿಚಾರಿಸುತ್ತಿದ್ದಳು. ಮಗಳು ಈ ಬದಿ ನಿಂತಿದ್ದಾಳೆಂದು ಮಾಣಿಕಮ್ಮನೂ ಪಾಪ ನಮ್ಮಲ್ಲಿಗೇ ಬರುತ್ತಿದ್ದಳು. ಹರವಿ ನೀರಿನ ಆಸೆ ಬಿಟ್ಟು ನನ್ನ ಹತ್ತಿರ ಬರುತ್ತಿದ್ದವಳು ಅವಳೊಬ್ಬಳೇ.

ಒಂದು ಗುರುವಾರ ಅವಳು ನಮ್ಮ ಟೇಬಲ್ಲಿನ ಮುಂದೆ ನಿಂತು ಪೇಪರ್ ಕಪ್ಪಲ್ಲಿ ನೀರು ಕುಡಿಯುತ್ತಿದ್ದಾಗ ನಮ್ಮ ಶಾಲೆಯ ಹೆಡ್‌ಮಾಸ್ತರರು ಯಾರನ್ನೋ ನೋಡಲು ದವಾಖಾನೆಗೆ ಹೋಗುತ್ತಾ ಬಂದರು. "ಏನ್ ಟೀಚರ್, ಸಮಾಜಸೇವಾ ನಡದದ!" ಅಂದರು. ನನಗೆ ಹಿಗ್ಗೋ ಹಿಗ್ಗು. ತಡಬಡಾಯಿಸಿ ಮಗಳಿಗೆ ಹೇಳಿದೆ, "ಶ್ರಾವಣಿ, ಒಳಗ ಕಪಾಟಿನ್ಯಾಗ ಹೆಸರ್ ಹಾಕಿಸಿದ ಸ್ಟೀಲ್ ಗ್ಲಾಸ್ ಅದಾವ ನೋಡು, ಸರ್‌ಗೆ ಒಂದ್ ತಗೊಂಡ್ ಬಾ."

ಮದುವೆಯಲ್ಲಿ ತವರಿನಿಂದ ಬಂದ ಆರು ಗ್ಲಾಸುಗಳು ಅವು. ಒಂದೊಂದರ ಮೇಲೂ ನನ್ನ ಹೆಸರು ಕೊರೆಸಿದ್ದರು. ಶ್ರಾವಣಿ ತಂದಳು. ಆದರೆ ಸರ್ ಕೈಗೆ ಕೊಡಲಿಲ್ಲ. ಗ್ಲಾಸು ಹಿಡಿದು ಮಾಣಿಕಮ್ಮನ ಕೈಯ ಕಪ್ಪು ನೋಡಿದಳು.

"ಮಮ್ಮಿ, ಆಯಿಗ್ಯಾಕ ಕಾಗದದ್ದು?"

"ಹೊರಗಿನವ್ರಿಗೆ ಹಂಗೇ ಕೊಡದು," ಅಂದೆ ಮೆಲ್ಲಗೆ.

"ಸರ್ ಸುದಾ ಹೊರಗಿನವ್ರೇ ಅಲ್ಲ?"

ನಮ್ಮ ಕಡೆ ಚಹಾದಂಗಡಿಗಳಲ್ಲಿ ಕೆಲವರ ಗ್ಲಾಸು ಬೇರೆ ಇಡುತ್ತಿದ್ದುದನ್ನು ಮಾಣಿಕಮ್ಮನ ವಯಸ್ಸಿನವರು ಕಣ್ಣಾರೆ ಕಂಡಿದ್ದಾರೆ. ಪೇಪರ್ ಕಪ್ಪು ಬಂದ ಮೇಲೆ ಆ ಮಾತನ್ನು ಬಾಯಿಬಿಟ್ಟು ಆಡುವ ಅಗತ್ಯವೇ ಇಲ್ಲದಂತಾಗಿದೆ. ನಾನು ಸ್ವಚ್ಛತೆಗೆಂದೇ ಕಪ್ಪು ತಂದದ್ದು. ಹಾಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಸರ್ ಬಂದ ಕೂಡಲೇ ನನ್ನ ಬಾಯಿಂದ ಸ್ಟೀಲ್ ಗ್ಲಾಸು ಎಂಬ ಮಾತು ತಾನಾಗಿ ಬಂತಲ್ಲ, ಅದಕ್ಕೆ ಏನು ಹೇಳಲಿ? ಸರ್ ಆಕಾಶ ನೋಡಿದರು. ಮಾಣಿಕಮ್ಮ ಕಪ್ಪಿನಲ್ಲಿದ್ದ ನೀರನ್ನು ಪೂರ್ತಿ ಕುಡಿದು ಮುಗಿಸಿ, ಅದನ್ನು ಟೇಬಲ್ಲಿನ ಮೇಲೆ ನೆಟ್ಟಗೆ ಇಟ್ಟಳು.

"ಕಾಗದದ್ದೇ ಛಲೋ ಬಿಡವ್ವಾ," ಅಂದಳು ಶ್ರಾವಣಿಗೆ. "ನಿಮ್ಮವ್ವಗ ತಿಕ್ಕಾ ಕೆಲಸ ತಪ್ಪತದ."

ಗಂಟು ಎತ್ತಿಕೊಂಡು ಹೋದಳು. ನಾನು ಮಗಳ ರಟ್ಟೆ ಹಿಡಿದು ಒಳಗೆ ಎಳೆದೊಯ್ದು ಎರಡು ಬಾರಿಸಿದೆ. ಆವತ್ತೇ ಟೇಬಲ್ಲು, ಕೊಡೆ, ಕ್ಯಾನು ಎಲ್ಲ ಒಳಗೆ ಹೋದವು. ಸಂಜೆ ನೋಟ್‌ಬುಕ್ ತೆಗೆದು ನೋಡಿದೆ. ಮೂರರ ಬದಲು ಒಂದೇ ಸಾಲು ಇತ್ತು. 'ಆಯಿ ನಮ್ಮ ಮೇಲೆ ಸಿಟ್ಟಾಗಲಿಲ್ಲ.'

ಮಗಳು ಅತ್ತಿರಲಿಲ್ಲ. ಅವಳು ಅತ್ತಿದ್ದರೆ ನಾನು ಸಮಾಧಾನ ಮಾಡಿ ನನ್ನ ಸಮಾಧಾನವನ್ನೂ ಮಾಡಿಕೊಳ್ಳುತ್ತಿದ್ದೆ. ಎರಡು ದಿನ ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ರೊಟ್ಟಿ ದಪ್ಪ ಎಂದು ಕೂಡ ಅನ್ನಲಿಲ್ಲ. ಆ ದೂರು ಕೇಳದೆ ನನಗೆ ಊಟ ಇಳಿಯಲಿಲ್ಲ.

ಮೂರನೆಯ ದಿನ ಕಪಾಟು ತೆಗೆದರೆ ಐದೇ ಗ್ಲಾಸು. ಕಿಟಕಿಗೆ ಬಂದು ನೋಡಿದೆ. ಬೇವಿನ ಕೆಳಗೆ ಶ್ರಾವಣಿ, ಅವಳ ಎದುರು ಮಾಣಿಕಮ್ಮ, ಮಾಣಿಕಮ್ಮನ ಕೈಯಲ್ಲಿ ನನ್ನ ಹೆಸರಿನ ಗ್ಲಾಸು. ನನ್ನ ಗ್ಲಾಸು, ನನ್ನ ಮಗಳು, ಖೈರುನ್ನಿಸಾಳ ನೀರು! ಚಪ್ಪಲಿ ಕೂಡ ಮೆಟ್ಟದೆ ಓಣಿ ದಾಟಿದೆ. ಕಾಲು ಸುಟ್ಟದ್ದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಮಾಣಿಕಮ್ಮ ಹೊರಟಿದ್ದಳು. ಜಗಳಕ್ಕೆಂದು ಹೋದವಳು ಖೈರುನ್ನಿಸಾಳ ಮುಖ ನೋಡಿ ಮಾತು ತಪ್ಪಿ, "ನೀರ್ ಕುಡ್ಯಾಕ ಬಂದೆ," ಅಂದೆ.

"ಬರ್ರಿ ಬರ್ರಿ, ಇದೇನ್ ಬರಿಗಾಲಾಗ!" ಅಂದಳು ಅವಳು. "ನಿಮ್ಮ ಗ್ಲಾಸ್ ಶ್ರಾವಣಿ ತಂದಾಳ್ರಿ. ಕೇಳಿದವ್ರಿಗೆಲ್ಲಾ ನಮ್ಮ ಟೀಚರಮ್ಮಂದು ಅಂತ ಹೇಳಾಕತ್ತೀನಿ. ನಿಮ್ಮ ಹೆಸರ್ ಹಿಡದು ಎಷ್ಟ್ ಮಂದಿ ಹರಸ್ಯಾರ ಗೊತ್ತದ?"

ಇದಕ್ಕೂ ನನಗೆ ಉರಿಯಿತು. ನನ್ನ ಹೆಸರಿಗೆ ಬರಬೇಕಾದ ಒಳ್ಳೆಯ ಮಾತು ಕೂಡ ಅವಳ ಬಾಯಿಂದಲೇ ಬರಬೇಕೇ? ಶ್ರಾವಣಿ ಒಂದು ಗ್ಲಾಸು ತುಂಬಿ ಕೊಟ್ಟಳು. ಕುಡಿದೆ. ಹಿಂದಕ್ಕೆ ಕೊಟ್ಟು ನಿಂತೆ. ಅವಳು ಗ್ಲಾಸು ತೊಳೆಯತೊಡಗಿದಳು. ನಾನು ಇನ್ನೂ ನಿಂತೇ ಇದ್ದೆ.

"ಎಲ್ಲಾರಿಗೂ ಶುಕ್ರಿಯಾ ಅಂತಿ, ನನಗ ಅನ್ನಲ್ಲೇನು?" ಅಂದೆ ಕೊನೆಗೆ, ನಗುವಂತೆ ಮಾಡಿ.

ಅವಳು ಗ್ಲಾಸು ತೊಳೆಯುತ್ತಲೇ ಹೇಳಿದಳು, "ಅದು ನೀರಡ್ಸಿ ಬಂದವ್ರಿಗೆ ಮಮ್ಮಿ. ನೀ ನೋಡಾಕ ಬಂದಿ."

ಖೈರುನ್ನಿಸಾ ಚಟ್ಟನೆ ಹೊಲಿಗೆಯ ಕಡೆ ತಿರುಗಿ ಕೇಳಿಸದವಳಂತೆ ಇದ್ದುಬಿಟ್ಟಳು. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಸಿಟ್ಟಿನಿಂದ ಅತ್ತೆ, ನಾಚಿಕೆಯಿಂದ ಅತ್ತೆ. ಎಂಟು ವರ್ಷದ ಹುಡುಗಿ ನನ್ನನ್ನು ಇಷ್ಟು ಸರಿಯಾಗಿ ಓದಿದಳಲ್ಲ ಎಂದು ಹೆದರಿಯೂ ಅತ್ತೆ.

ಮಾರನೇ ದಿನ ಶಾಲೆಗೆ ಹೋಗುವಾಗ ನೀರಿನ ಬಾಟಲಿ ಒಯ್ಯಲಿಲ್ಲ. ಮರೆತು ಅಲ್ಲ, ಬೇಕೆಂದೇ. ಬೆಳಿಗ್ಗೆ ಚಹಾ ಕೂಡ ಕುಡಿಯಲಿಲ್ಲ. ಹಟ ಅನ್ನಿ, ಹುಚ್ಚು ಅನ್ನಿ. ಹತ್ತು ಗಂಟೆಯವರೆಗೆ ಏನೂ ಅನಿಸಲಿಲ್ಲ. ಆಮೇಲೆ ಮಗ್ಗಿ ಹೇಳಿಸುವಾಗ ನಾಲಿಗೆ ಅಂಗುಳಕ್ಕೆ ಅಂಟತೊಡಗಿತು. ಬಿಸಿಯೂಟದ ಹೊತ್ತಿಗೆ ಮಕ್ಕಳು ನಳಕ್ಕೆ ಬಾಯಿ ಹಚ್ಚಿ ಕುಡಿಯುವ ಸದ್ದು ಕೇಳಿ ಎದ್ದು ಹೊರಗೆ ಹೋಗಿ ನಿಂತೆ. ಬಸ್ಸು ಒಂದೂವರೆ ಗಂಟೆ ತಡವಾಯಿತು. ಸೇಡಂ ಬಸ್‌ಸ್ಟ್ಯಾಂಡಲ್ಲಿ ಇಳಿದಾಗ ಎರಡು ದಾಟಿತ್ತು. ಆಟೋದವನು ಕರೆದ, ಹತ್ತಲಿಲ್ಲ. ಎಲ್ಲರಂತೆ ನಾನೂ ಗೋಡೆಯ ನೆರಳು ಹಿಡಿದು ನಡೆದೆ. ನನ್ನ ಮುಂದೆ ಯಾರೋ ಕೈಕೂಸು ಎತ್ತಿಕೊಂಡವಳು, ಹಿಂದೆ ಕೋಲೂರಿಕೊಂಡ ಯಾರೋ ಮುದುಕ. ಖೈರುನ್ನಿಸಾ ಇಂಥ ಗಂಟಲು ಇಟ್ಟುಕೊಂಡು ತಿಂಗಳಿಡೀ ಊರಿಗೆಲ್ಲ ನೀರು ಸುರಿಯುತ್ತಾಳೆಂಬುದು ಆಗ ತಲೆಗೆ ಹೋಯಿತು. ಹೋದದ್ದಕ್ಕೆ ಅವಳ ಮೇಲೆ ಪ್ರೀತಿ ಉಕ್ಕಿತೆಂದು ಸುಳ್ಳು ಹೇಳಲಾರೆ. ಇವಳ ಸಮಕ್ಕೆ ನಾನು ಈ ಜನ್ಮದಲ್ಲಿ ಬರಲಾರೆ ಎಂದಷ್ಟೇ ಅನಿಸಿತು.

ನಮ್ಮ ಮನೆಯ ಬಾಗಿಲು ದಾಟಿ ಬೇವಿನ ಕೆಳಗೆ ಹೋದೆ. ಶ್ರಾವಣಿ ಒಬ್ಬಳೇ ಇದ್ದಳು. ನನ್ನ ಮುಂದಿನ ಕೈಕೂಸಿನವಳಿಗೆ ಮೊದಲು ಕೊಟ್ಟಳು. ಆಮೇಲೆ ನನ್ನ ಮುಖ ನೋಡಿದಳು. ಎಂದೂ ಹಾಗೆ ನೋಡಿರಲಿಲ್ಲ. ಬೆವರಿಗೆ ಒದ್ದೆಯಾದ ನನ್ನ ಸೆರಗು, ತುಟಿ, ಕೈ ಎಲ್ಲ ನೋಡಿದಳು. ಅವಸರ ಅವಸರವಾಗಿ ಗ್ಲಾಸು ತುಂಬಿದಳು, ಅರ್ಧ ನೆಲಕ್ಕೆ ಚೆಲ್ಲಿತು. ಒಂದನ್ನು ಉಸಿರು ಬಿಡದೆ ಕುಡಿದೆ. ಕೇಳದೆಯೇ ಇನ್ನೊಂದು ತುಂಬಿದಳು.

"ಸಾವಕಾಶ ಕುಡಿ ಮಮ್ಮಿ, ನೆತ್ತಿಗೆ ಹತ್ತತದ," ಅಂದಳು.

ಗ್ಲಾಸು ಹಿಂದೆ ಕೊಟ್ಟೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು, ಕತ್ತು ಒಂಚೂರು ಬಾಗಿಸಿ ಅಂದಳು, "ಶುಕ್ರಿಯಾ ಮಮ್ಮಿ."

ಅವಳ ತಲೆ ಸವರಿದೆ. ಆದರೆ ನನ್ನ ಕಣ್ಣು ಎಲ್ಲಿತ್ತು ಗೊತ್ತೇ? ಮಗಳ ಮುಖದ ಮೇಲಲ್ಲ. ಅವಳ ಹೆಗಲ ಮೇಲಿಂದ ಬಾಗಿಲೊಳಗಿನ ಹೊಲಿಗೆ ಯಂತ್ರದ ಕಡೆ ಹೋಗಿತ್ತು, ಖೈರುನ್ನಿಸಾ ಇದನ್ನು ಕೇಳಿದಳೋ ಇಲ್ಲವೋ ಎಂದು. ಅಲ್ಲಿ ಅವಳಿರಲಿಲ್ಲ. ಒಳಗೆ ನಮಾಜಿಗೆ ಕೂತಿದ್ದಳು.

"ಶ್ರಾವಣಿ," ಅಂದೆ, "ಇನ್ನೊಂದ್ ಗ್ಲಾಸ್ ಕೊಡು." ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಆದರೂ ಖೈರುನ್ನಿಸಾ ಹೊರಗೆ ಬರುವವರೆಗೆ ಗುಟುಕು ಗುಟುಕಾಗಿ ಕುಡಿಯುತ್ತಾ ಅಲ್ಲೇ ನಿಂತೆ.